ಮೊದಲ ಉರಿಗೆ ಮುನ್ನ

ನಮ್ಮ ತುರ್ವಿಹಾಳದಲ್ಲಿ ಇಂಜಿನ್ನಿನ ಸದ್ದು ಕೇಳದ ಹೊತ್ತೇ ಇಲ್ಲವೆನ್ನಬೇಕು. ನಸುಕಿನಲ್ಲಿ ಕಾಲುವೆ ಕಡೆಯ ಪಂಪ್‌ಸೆಟ್ಟು, ಶಾಲೆಯ ಹೊತ್ತಿಗೆ ಸಿಂಧನೂರಿನ ಬಸ್ಸು, ಕರೆಂಟು ಹೋದರೆ ಅಂಗಡಿ ಮುಂದಿನ ಜನರೇಟರು, ಸುಗ್ಗಿಯಲ್ಲಿ ಭತ್ತ ಕೊಯ್ಯುವ ದೊಡ್ಡ ಯಂತ್ರ, ವರ್ಷವಿಡೀ ಟ್ರ್ಯಾಕ್ಟರು. ಇಷ್ಟು ಸದ್ದಿನ ನಡುವೆ ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನಗೆ ಇಂಜಿನ್ ಎಂದರೆ ದನಿ ಏರಿಸಲು ಒಂದು ಕಾರಣ, ಅಷ್ಟೆ. ಅದರ ಹೊಟ್ಟೆಯೊಳಗೆ ಏನಿದೆ ಎಂದು ವಿಚಾರಿಸಲು ಹೋದವಳಲ್ಲ. ಅದು ಗಂಡಸರ ವಿಷಯ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳಿಕೊಡದೆಯೇ ನಾವು ಹೆಂಗಸರು ಕಲಿತುಬಿಡುವ ಪಾಠಗಳು ಎಷ್ಟಿಲ್ಲ ಹೇಳಿ!

ಈಗ ಇಂಜಿನ್ನಿನ ಬಗ್ಗೆ ಬರೆಯಲು ಕೂತಿರುವುದಕ್ಕೆ ನನ್ನ ತಂಗಿಯ ಮಗಳು ಕಾರಣ. ತಂಗಿಯ ಮನೆ ಲಿಂಗಸುಗೂರಿನಲ್ಲಿ. ಹುಡುಗಿ ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋದಳು. ಅಲ್ಲಿ ಹೊಸದಾಗಿ ಕಟ್ಟಿದ ವಿಮಾನದ ಇಂಜಿನ್‌ಗಳನ್ನು ಪರೀಕ್ಷೆ ಮಾಡುವ ಕೆಲಸ. ಎಲ್ಲಿ, ಯಾವ ಇಂಜಿನ್ ಎಂಬುದನ್ನು ಅವಳು ನನಗೂ ಹೇಳಿಲ್ಲ, ಹೇಳಬಾರದಂತೆ. ನಾನೂ ಕೆದಕಿ ಕೇಳಿಲ್ಲ. ಆದರೆ ಹೊಸ ಇಂಜಿನ್ನನ್ನು ಮೊದಲ ಸಲ ಹೊತ್ತಿಸುವ ಮುಂಚೆ ಏನೇನು ಮಾಡುತ್ತಾರೆ ಎಂಬುದನ್ನು ಮಾತ್ರ ರಜೆಗೆ ಬಂದಾಗಲೆಲ್ಲ ಬಿಡಿಸಿ ಬಿಡಿಸಿ ಹೇಳಿದ್ದಾಳೆ. ಕೇಳುತ್ತ ಕೇಳುತ್ತ ನನಗೆ ನಮ್ಮ ಅಡಿಗೆಮನೆಯೂ ನಮ್ಮ ಹತ್ತನೇ ತರಗತಿಯೂ ಒಟ್ಟೊಟ್ಟಿಗೆ ನೆನಪಾಗುತ್ತಿದ್ದವು.

ಮೊದಲು ಬಳೆಯ ವಿಷಯ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ವರ್ಷ ಯುಗಾದಿಗೆ ಬಂದಾಗ ಅವಳ ಕೈಯಲ್ಲಿ ಬಳೆ ಇರಲಿಲ್ಲ, ಕಿವಿಯಲ್ಲಿ ಓಲೆ ಇರಲಿಲ್ಲ. ನನ್ನ ತಂಗಿಗೆ ಹಬ್ಬದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. "ಮದುವಿ ಆಗೋ ಹುಡುಗಿ ಬರಿಗೈಲೆ ಅಡ್ಡಾಡ್ತಾಳಲ್ಲಕ್ಕ, ಮಂದಿ ಏನಂದಾರು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗಿ ನಕ್ಕಳು. ವಿಮಾನದ ಇಂಜಿನ್ನು ಗಾಳಿಯನ್ನು ಎಳೆದುಕೊಳ್ಳುವ ರಭಸಕ್ಕೆ ಅದರ ಬಾಯಿಯ ಹತ್ತಿರ ಬಿದ್ದದ್ದೆಲ್ಲ ಒಳಗೆ ಹೋಗುತ್ತದಂತೆ. ಒಂದು ಗುಂಡುಪಿನ್ನು, ಒಂದು ತಿರುಪು, ಒಂದು ಬಳೆಚೂರು ಸಾಕು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅಲಗು ಮುಕ್ಕಾಗುತ್ತದೆ, ಆ ಮುಕ್ಕಿನ ಚೂರು ಹಿಂದಿನ ಸಾಲಿನ ಅಲಗಿಗೆ ಬಡಿಯುತ್ತದೆ, ಅದರ ಚೂರು ಅದರ ಹಿಂದಿನದಕ್ಕೆ. ವರ್ಷಗಟ್ಟಲೆ ಕಟ್ಟಿದ್ದು ಗಳಿಗೆಯಲ್ಲಿ ಹಾಳು. ಅದಕ್ಕೇ ಒಳಗೆ ಹೋಗುವವರೆಲ್ಲ ಪೆನ್ನು, ಚಿಲ್ಲರೆ, ವಾಚು, ಉಂಗುರ ಎಲ್ಲ ಹೊರಗೇ ಕಳಚಿಟ್ಟು ಹೋಗಬೇಕು. "ನಮ್ಮ ಸಾಹೇಬ್ರೂ ಮದುವಿ ಉಂಗುರ ತೆಗೆದಿಟ್ಟೇ ಒಳಗ ಬರ್ತಾರವ್ವ. ಅವರ ಮನ್ಯಾಗ ಯಾರೂ ಅಳಲಿಲ್ಲ" ಎಂದಳು. ತಂಗಿಗೆ ಸಮಾಧಾನವೇನೂ ಆಗಲಿಲ್ಲ. ಆದರೆ ಮರುದಿನ ಬಳೆಗಾರ ಬಂದಾಗ ಸುಲಭವಾಗಿ ತೆಗೆದು ಹಾಕಲು ಬರುವ ಎರಡು ಬಳೆ ಆರಿಸಿ ಅವಳ ಚೀಲದಲ್ಲಿಟ್ಟಳು. ತಾಯಂದಿರು ಸೋಲೊಪ್ಪುವ ರೀತಿಯೇ ಹಾಗೆ.

ಕೆಲಸ ಮಾಡುವ ಸಲಕರಣೆಗಳದ್ದೂ ಇದೇ ಕತೆ. ಸ್ಪ್ಯಾನರು, ಸ್ಕ್ರೂಡ್ರೈವರು ತೂಗುಹಾಕುವ ಹಲಗೆಯ ಮೇಲೆ ಒಂದೊಂದರ ಆಕಾರವನ್ನೂ ಬಿಡಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಒಂದೇ ಒಂದು ಆಕಾರ ಖಾಲಿ ಉಳಿದಿದ್ದರೂ ಇಂಜಿನ್ ಹೊತ್ತಿಸುವ ಮಾತಿಲ್ಲ. ಎಲ್ಲರೂ ನೆಲದ ಮೇಲೆ ಕೂತು ಹುಡುಕಬೇಕು, ಸಿಗುವ ತನಕ. ಇದನ್ನು ಕೇಳಿದಾಗ ನನಗೆ ಮಸ್ಕಿಯ ಪ್ರವಾಸ ಕಣ್ಮುಂದೆ ಬಂತು. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಶಾಸನ ಅಲ್ಲಿದೆಯಲ್ಲ, ಅದನ್ನು ತೋರಿಸಲು ಮಕ್ಕಳನ್ನು ಕರೆದೊಯ್ಯುತ್ತೇವೆ. ಮಕ್ಕಳಿಗೆ ನೆನಪಿರುವುದು ಶಾಸನ. ನನಗೆ ನೆನಪಿರುವುದು ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸಿದ್ದು. ನಲವತ್ತೆರಡು ಎಣಿಕೆಯಾಗಿ ನಲವತ್ತಮೂರನೆಯದು ಸಿಗದಿದ್ದರೆ ಬಸ್ಸು ಹೊರಡುವುದುಂಟೇ? ಆ ಎಣಿಕೆಯ ಎದೆಬಡಿತ ಶಿಕ್ಷಕಿಯರಿಗೆ ಗೊತ್ತು, ತಾಯಂದಿರಿಗೆ ಗೊತ್ತು.

ಇಷ್ಟೆಲ್ಲ ಜೋಪಾನ ಏಕೆಂದರೆ, ವಿಮಾನ ಕಟ್ಟುವುದಕ್ಕಿಂತ ಅದರ ಇಂಜಿನ್ ಕಟ್ಟುವುದು ಕಷ್ಟ. ಬೆಂಗಳೂರಿನ ಇತಿಹಾಸವೇ ಇದಕ್ಕೆ ಸಾಕ್ಷಿ. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಅಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. ಅದೇ ಮುಂದೆ ಎಚ್.ಎ.ಎಲ್. ಆಗಿ ಬೆಳೆಯಿತು. 1961ರ ಜೂನ್‌ನಲ್ಲಿ ಅಲ್ಲಿಂದ 'ಮಾರುತ' ಎಂಬ ಯುದ್ಧವಿಮಾನ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅದರ ವಿನ್ಯಾಸಕಾರ. ರೂಪ ಚಂದ, ಮೈಕಟ್ಟು ಗಟ್ಟಿ. ಆದರೆ ಅದಕ್ಕೆ ತಕ್ಕ ಬಲದ ಇಂಜಿನ್ ಕೊನೆಗೂ ಒದಗಲಿಲ್ಲ. ಸಿಕ್ಕ ಇಂಜಿನ್ನಿನಲ್ಲೇ ಹಾರಿಸಿದರು. ಬಾಳಿ ಬದುಕುವ ಎಲ್ಲ ಲಕ್ಷಣವಿದ್ದೂ ಒಳಗಿನ ಬಲಕ್ಕೆ ಯಾರೂ ನೆರವಾಗದೆ ಹೋದ ಎಷ್ಟೋ ಹೆಣ್ಣುಮಕ್ಕಳು ನನ್ನ ಕಣ್ಣಿಗೆ ಕಟ್ಟಿದರು.

ನಮ್ಮದೇ ಇಂಜಿನ್ ಮಾಡಬೇಕೆಂದು 1989ರಲ್ಲಿ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ ಒಂದು ದೊಡ್ಡ ಯೋಜನೆ ಒಪ್ಪಿಸಿದರು. ಇಂಜಿನ್ನಿನ ಹೆಸರು 'ಕಾವೇರಿ'. ಅದರ ಒಳತಿರುಳಿನ ಹೆಸರು 'ಕಬಿನಿ'. ಉಪನದಿ ಹೊಳೆಯನ್ನು ಸೇರುವ ಹಾಗೆ, ಮೊದಲು ತಿರುಳನ್ನು ಕಟ್ಟಿ ಪರೀಕ್ಷಿಸಿ ಆಮೇಲೆ ಅದರ ಸುತ್ತ ಪೂರ್ತಿ ಇಂಜಿನ್ ಕಟ್ಟಿದರು. ಕಬಿನಿ 1995ರಲ್ಲಿ, ಪೂರ್ಣ ಕಾವೇರಿ 1996ರಲ್ಲಿ ಮೊದಲ ಸಲ ಹೊತ್ತಿಕೊಂಡವು. ನಮ್ಮ ಹೊಲಗಳಿಗೆ ನೀರುಣಿಸುವ ತುಂಗಭದ್ರೆಯ ಹೆಸರು ಯಾವ ಇಂಜಿನ್ನಿಗೂ ಇಟ್ಟಿಲ್ಲವೇ ಎಂದು ನಾನು ಕೇಳಿದ್ದುಂಟು. "ನಾನು ದೊಡ್ಡಾಕಿ ಆದ ಮ್ಯಾಲೆ ಇಡಿಸ್ತೀನಿ ದೊಡ್ಡಮ್ಮ" ಎಂದಳು.

ಈಗ ಆ ಮೊದಲ ಉರಿಯ ಸಿದ್ಧತೆಗೆ ಬರೋಣ. ಇಂಜಿನ್ನಿನ ಮುಂಭಾಗದಲ್ಲಿ ಕಂಪ್ರೆಸರ್, ಅಂದರೆ ಗಾಳಿಯನ್ನು ಎಳೆದು ಒತ್ತುವ ಅಲಗುಗಳ ಸಾಲು. ನಡುವೆ ಇಂಧನ ಉರಿಯುವ ಕೋಣೆ. ಹಿಂದೆ ಟರ್ಬೈನ್, ಆ ಉರಿಯ ರಭಸಕ್ಕೆ ತಿರುಗುವ ಚಕ್ರ. ಈ ಚಕ್ರ ಒಂದು ದಂಡದ ಮೂಲಕ ಮುಂದಿನ ಕಂಪ್ರೆಸರನ್ನು ತಿರುಗಿಸುತ್ತದೆ. ಉರಿಯಿಂದ ಚಕ್ರ ತಿರುಗಬೇಕು, ಚಕ್ರ ತಿರುಗಿದರೇ ಉರಿಗೆ ಗಾಳಿ ಸಿಗಬೇಕು. ಹಾಗಾದರೆ ಮೊದಲು ಯಾವುದು? ಎರಡೂ ಅಲ್ಲ. ಮೊದಲು ಹೊರಗಿನಿಂದ ಬೇರೊಬ್ಬರು ತಿರುಗಿಸಿಕೊಡಬೇಕು. ಹಸಿ ಸೌದೆಯ ಒಲೆಗೆ ಊದುಗೊಳವೆ ಹಿಡಿದು ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಟ್ಟಿ ಮುಗಿದ ಇಂಜಿನ್ನನ್ನು ದಪ್ಪ ಗೋಡೆಯ ಪರೀಕ್ಷಾ ಕೋಣೆಗೆ ತಂದು ಚೌಕಟ್ಟಿಗೆ ಬಿಗಿಯುತ್ತಾರೆ. ಎಷ್ಟು ಜೋರಾಗಿ ನೂಕುತ್ತದೆ ಎಂದು ಆ ಚೌಕಟ್ಟು ಅಳೆಯುತ್ತದೆ. ಶಾಖ, ಒತ್ತಡ, ಅದುರು ಅಳೆಯಲು ನೂರಾರು ತಂತಿ, ಕೊಳವೆಗಳನ್ನು ಜೋಡಿಸುತ್ತಾರೆ. ಒಂದೊಂದು ತಿರುಪಿಗೂ ಇಷ್ಟೇ ಬಿಗಿ ಎಂಬ ಲೆಕ್ಕವಿದೆ. ಬಿಗಿದದ್ದು ಸಡಿಲಾಗದಂತೆ ತೆಳ್ಳನೆಯ ತಂತಿ ಹೆಣೆದು ಕಟ್ಟುತ್ತಾರೆ, ಜಡೆಗೆ ಕುಚ್ಚು ಕಟ್ಟಿದ ಹಾಗೆ. ಒಬ್ಬರು ಬಿಗಿದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಹಾವಿನಂಥ ಸಣ್ಣ ಕೊಳವೆಯ ತುದಿಯ ಕಣ್ಣನ್ನು ಒಳಗೆ ಇಳಿಸಿ ಅಲಗುಗಳನ್ನು ನೋಡುತ್ತಾರೆ. ಕೈಯಿಂದ ನಿಧಾನವಾಗಿ ತಿರುಗಿಸಿ ಎಲ್ಲಿಯಾದರೂ ಉಜ್ಜುತ್ತದೆಯೇ ಎಂದು ಕಿವಿಗೊಡುತ್ತಾರೆ. ಹೊಸ ಬೇರಿಂಗುಗಳು ಒಣಗಿರಬಾರದು, ಆದ್ದರಿಂದ ಮೊದಲೇ ಎಣ್ಣೆ ಎಲ್ಲ ಕಡೆಗೂ ತಲುಪುವ ಹಾಗೆ ಮಾಡುತ್ತಾರೆ.

ಆಮೇಲೆ 'ಡ್ರೈ ಕ್ರ್ಯಾಂಕ್'. ಇಂಧನವಿಲ್ಲ, ಕಿಡಿಯಿಲ್ಲ. ಸ್ಟಾರ್ಟರಿನಿಂದ ಸುಮ್ಮನೆ ತಣ್ಣಗೆ ತಿರುಗಿಸುವುದು. ಎಣ್ಣೆಯ ಒತ್ತಡ ಏರಿತೇ, ಸೋರಿತೇ, ಅದುರಿತೇ ಎಂದು ನೋಡಿ ನಿಲ್ಲಿಸುವುದು. ಅದಾದ ಮೇಲೆ 'ವೆಟ್ ಕ್ರ್ಯಾಂಕ್'. ಈಗ ಇಂಧನ ಬಿಡುತ್ತಾರೆ, ಆದರೆ ಕಿಡಿ ಕೊಡುವುದಿಲ್ಲ. ಹಿಂದಿನಿಂದ ಇಂಧನ ಮಂಜಿನ ಹಾಗೆ ಹೊರಬರುತ್ತದೆ. ಕೊಳವೆಗಳಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಹೊರಟುಹೋಗುತ್ತದೆ. ಆಮೇಲೆ ಇಂಧನ ನಿಲ್ಲಿಸಿ ಮತ್ತೆ ಒಣದಾಗಿ ತಿರುಗಿಸಿ ಒಳಗೆ ಉಳಿದ ಹನಿಯನ್ನೆಲ್ಲ ಊದಿ ಹೊರಹಾಕಬೇಕು. ಬೀಸುಕಲ್ಲನ್ನು ಉಳಿಯಿಂದ ಹೊಸದಾಗಿ ಕಟೆಸಿದ ದಿನ ನಮ್ಮವ್ವ ಮೊದಲು ತೌಡು ಹಾಕಿ ಬೀಸುತ್ತಿದ್ದಳು. ಕಲ್ಲಿನ ಪುಡಿಯೆಲ್ಲ ಅದರೊಡನೆ ಹೋಗಲೆಂದು ಆ ಹಿಟ್ಟನ್ನು ಚೆಲ್ಲಿಬಿಡುತ್ತಿದ್ದಳು. ಹೊಸ ರೊಟ್ಟಿ ಹಂಚನ್ನು ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಆಮೇಲೆಯೇ ಮೊದಲ ರೊಟ್ಟಿ ಹಾಕುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಹೊಸದಕ್ಕೆ ಒಮ್ಮೆಲೇ ಭಾರ ಹೊರಿಸಬಾರದೆಂಬ ತಿಳಿವಳಿಕೆ ಅವಳ ಕೈಯಲ್ಲಿತ್ತು.

ಹನಿ ಇಂಧನ ಒಳಗೆ ಉಳಿದರೆ ಏನಾದೀತು ಎಂದು ನಾನು ಕೇಳಿದ್ದಕ್ಕೆ ಅವಳು ಹೇಳಿದ ಕತೆ ಇದು. ಜೆಟ್ ಇಂಜಿನ್ನಿನ ಕನಸು ಕಂಡವರಲ್ಲಿ ಇಂಗ್ಲೆಂಡಿನ ಫ್ರಾಂಕ್ ವ್ಹಿಟಲ್ ಒಬ್ಬ. 1937ರ ಏಪ್ರಿಲ್ 12ರಂದು ರಗ್ಬಿ ಎಂಬ ಊರಿನ ಕಾರ್ಖಾನೆಯಲ್ಲಿ ತನ್ನ ಇಂಜಿನ್ನನ್ನು ಮೊದಲ ಸಲ ಹೊತ್ತಿಸಿದ. ಇನ್ನೂ ಮೂವತ್ತು ತುಂಬದ ಹುಡುಗ. ಹೊತ್ತಿಕೊಂಡಿದ್ದೇ ತಡ, ಇಂಜಿನ್ ಊಳಿಡುತ್ತ ವೇಗ ಹೆಚ್ಚಿಸತೊಡಗಿತು. ಇಂಧನದ ಕವಾಟ ಮುಚ್ಚಿದರೂ ನಿಲ್ಲಲೊಲ್ಲದು, ಇನ್ನೂ ಏರುತ್ತಿದೆ. ಸುತ್ತ ನಿಂತವರೆಲ್ಲ ಓಟ ಕಿತ್ತರು. ಆಮೇಲೆ ನೋಡಿದರೆ, ಮೊದಲೇ ಸೋರಿ ಒಳಗೆ ನಿಂತಿದ್ದ ಇಂಧನ ಹೊತ್ತಿ ಉರಿದಿತ್ತು. ಅದು ತೀರಿದ ಮೇಲೆಯೇ ಇಂಜಿನ್ ತಣ್ಣಗಾದದ್ದು. ಇಂಧನ ಒಳಗೆ ನಿಲ್ಲದಂತೆ ಹರಿದುಹೋಗಲು ದಾರಿ ಮಾಡಿ ಅವನು ಮತ್ತೆ ಹೊತ್ತಿಸಿದ. ನಾಲ್ಕು ವರ್ಷದ ಮೇಲೆ, 1941ರ ಮೇ ತಿಂಗಳಲ್ಲಿ, ಅವನ ಇಂಜಿನ್ ಹೊತ್ತ ವಿಮಾನ ಹಾರಿತು. ಆ ಮೊದಲ ದಿನ ಹೆದರಿ "ಇದು ನಮಗಲ್ಲ" ಎಂದು ಬಿಟ್ಟಿದ್ದರೆ?

ನನ್ನ ಮನಸ್ಸಿಗೆ ಬಹಳ ನಾಟಿದ ಇನ್ನೊಂದು ಮಾತಿದೆ. ಇಂಜಿನ್ ಹೊತ್ತಿಸುವ ಮುಂಚೆ, ಅದನ್ನು ನಿಲ್ಲಿಸಲು ಬರುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಇಂಧನ ನಿಲ್ಲಿಸುವ ಕವಾಟ ಹೇಳಿದ ಕೂಡಲೇ ಮುಚ್ಚುತ್ತದೆಯೇ, ಬೆಂಕಿ ಆರಿಸುವ ಏರ್ಪಾಡು ಸರಿಯಿದೆಯೇ, ಯಾವ ಮುಳ್ಳು ಎಷ್ಟಕ್ಕೆ ಏರಿದರೆ ಯಾರು ಯಾವ ಗುಂಡಿ ಒತ್ತಬೇಕು, ಎಲ್ಲವನ್ನೂ ಮೊದಲೇ ಬರೆದಿಟ್ಟು ಬಾಯಿಪಾಠ ಮಾಡಿರುತ್ತಾರೆ. ಇಷ್ಟಾದ ಮೇಲೆ ಸ್ಟಾರ್ಟರ್, ಕಿಡಿ, ಇಂಧನ. ಎಲ್ಲರ ಕಣ್ಣೂ ಶಾಖದ ಮುಳ್ಳಿನ ಮೇಲೆ.

ಅವಳು ಮೊದಲ ಬಾರಿಗೆ ತಾನೇ ಮುಳ್ಳಿನ ಮುಂದೆ ಕೂತ ದಿನ, ಇಂಜಿನ್ ಹೊತ್ತಿಕೊಂಡ ಕೆಲವೇ ಸೆಕೆಂಡಿಗೆ ಶಾಖ ಬೇಗ ಬೇಗ ಏರಿತಂತೆ. ಇವಳ ಹಿರಿಯರು "ಕಟ್" ಎಂದರು, ಇವಳು ಗುಂಡಿ ಒತ್ತಿದಳು. ಅಷ್ಟೇ. ಮುಗಿಯಿತು. ತಿಂಗಳುಗಟ್ಟಲೆ ಸಿದ್ಧತೆ, ಸೆಕೆಂಡುಗಳ ಉರಿ. ರಾತ್ರಿ ಫೋನು ಮಾಡಿದಾಗ ಅಳುತ್ತಾಳೇನೋ ಎಂದು ನಾನು ಸಮಾಧಾನದ ಮಾತು ಹುಡುಕಿಕೊಳ್ಳುತ್ತಿದ್ದೆ. ಅವಳು ಊಟ ಮಾಡುತ್ತಲೇ ಹೇಳಿದಳು: "ಛಲೋ ಆತು ದೊಡ್ಡಮ್ಮ, ಅಲಗು ಸುಡೋದ್ರಾಗ ನಿಲ್ಲಿಸಿದ್ವಿ. ನಾಳೆ ಬಿಚ್ಚಿ ನೋಡ್ತೀವಿ. ಮತ್ತ ಹೊತ್ತಸ್ತೀವಿ." ನಾಪಾಸು ಎಂಬ ಪದ ಅವಳ ಬಾಯಲ್ಲಿ ಬರಲೇ ಇಲ್ಲ.

ಕಾವೇರಿಯ ಕತೆಯನ್ನೂ ಅವಳು ಇದೇ ಧಾಟಿಯಲ್ಲಿ ಹೇಳುತ್ತಾಳೆ. ಬೇಕಾದಷ್ಟು ನೂಕುಬಲ ಬರಲಿಲ್ಲ, ತೂಕ ಜಾಸ್ತಿಯಾಯಿತು. 2001ರ ಜನವರಿಯಲ್ಲಿ ನಮ್ಮ 'ತೇಜಸ್' ವಿಮಾನ ಅಮೆರಿಕದ ಇಂಜಿನ್ನಿನಿಂದಲೇ ಮೊದಲ ಸಲ ಹಾರಿತು. 2008ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಿದರು. ಪತ್ರಿಕೆಗಳು ಸೋಲೆಂದವು. ಆದರೆ ಅದನ್ನು ಯಾರೂ ಗುಜರಿಗೆ ಹಾಕಲಿಲ್ಲ. 2010ರ ನವೆಂಬರ್‌ನಲ್ಲಿ ರಷ್ಯಾದಲ್ಲಿ ದೊಡ್ಡ ಸರಕು ವಿಮಾನದ ಒಂದು ರೆಕ್ಕೆಗೆ ಕಟ್ಟಿದಾಗ ಅದು ಆಕಾಶದಲ್ಲಿ ಉರಿಯಿತು. ಆಮೇಲೆ ಅದರದೇ ಇನ್ನೊಂದು ರೂಪವನ್ನು ಪೈಲಟ್ ಇಲ್ಲದ ವಿಮಾನಕ್ಕೆಂದು ಸಿದ್ಧಪಡಿಸುವ ಕೆಲಸ ಹಿಡಿದರು. ಒಂದು ಕೆಲಸಕ್ಕೆ ಒದಗದ್ದು ಇನ್ನೊಂದಕ್ಕೆ ಒದಗೀತು ಎಂಬ ತಾಳ್ಮೆ.

ಲೋಹಕ್ಕೆ ಸಿಗುವ ಈ ತಾಳ್ಮೆ ನಮ್ಮ ಹುಡುಗಿಯರಿಗೆ ಸಿಗುತ್ತದೆಯೇ? ಇದನ್ನು ಕೇಳಲೆಂದೇ ಇಷ್ಟೆಲ್ಲ ಹೇಳಿದೆ. ನಮ್ಮ ಕಡೆ ಹುಡುಗ ಗಣಿತದಲ್ಲಿ ಕುಳಿತರೆ ಟ್ಯೂಷನ್ನಿಗೆ ಹಾಕುತ್ತಾರೆ. ಹುಡುಗಿ ಕುಳಿತರೆ ಗಂಡು ಹುಡುಕುತ್ತಾರೆ. ಅವಳಿಗೆ ಸಿಗುವುದು ಒಂದೇ ಸಲ. ಹೊತ್ತಿಕೊಂಡರೆ ಹೊತ್ತಿಕೊಂಡಳು.

2024ರಲ್ಲಿ ನಮ್ಮ ರಾಜ್ಯದಲ್ಲಿ ಹತ್ತನೇ ತರಗತಿಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಮೊದಲನೆಯದರಲ್ಲಿ ಆಗದಿದ್ದರೆ ಎರಡು, ಅದೂ ಆಗದಿದ್ದರೆ ಮೂರು. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕವೋ ಅದೇ ಅವರದ್ದಾಗಿತ್ತು. ಇದರ ಬಗ್ಗೆ ನಮ್ಮ ಶಿಕ್ಷಕರ ಕೋಣೆಯಲ್ಲೇ ಗೊಣಗಾಟವಿತ್ತು, ಕೆಲಸ ಮೂರು ಪಟ್ಟಾಯಿತೆಂದು. ಆದರೆ ಆ ಎರಡನೇ ಪರೀಕ್ಷೆಯ ಅರ್ಜಿಗೆ ಸಹಿ ಹಾಕುವ ಅಪ್ಪ ಬೇಕಲ್ಲ!

ಕಳೆದ ಬೇಸಿಗೆಯಲ್ಲಿ ನನ್ನ ತರಗತಿಯ ಒಬ್ಬ ಹುಡುಗಿ ಗಣಿತ ಒಂದರಲ್ಲಿ ಕುಳಿತಳು. ಸಂಬಂಧದಲ್ಲೇ ಹುಡುಗನಿದ್ದಾನೆ, ಮಾತು ನಡೆದಿದೆ ಎಂದು ಅವಳ ಗೆಳತಿಯರು ಬಂದು ಹೇಳಿದರು. ಹುಡುಗಿಗೆ ಆಗಿನ್ನೂ ಹದಿನಾರು. ಅವಳಪ್ಪನದು ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿಯ ಅಂಗಡಿ. ಭಾನುವಾರ ಹೋದೆ. ಬಿಚ್ಚಿ ಕಟ್ಟಿದ ಒಂದು ಡೀಸೆಲ್ ಇಂಜಿನ್ನಿನ ಮುಂದೆ ಕೂತಿದ್ದರು. ಕೈ ಒರೆಸಿಕೊಂಡು ಎದ್ದು ಸ್ಟೂಲು ಹಾಕಿದರು. ಹದಿನೆಂಟಕ್ಕೆ ಮುಂಚೆ ಮದುವೆ ಕಾನೂನಿನ ಪ್ರಕಾರ ಅಪರಾಧ ಎಂದೆ. "ಗೊತ್ತೈತ್ರಿ ಅಕ್ಕೋರ, ಮಾತು ಅಷ್ಟ ನಡದೈತಿ" ಎಂದು ತಲೆ ತಗ್ಗಿಸಿದರು. ನಾನು ಇಂಜಿನ್ ಕಡೆ ತೋರಿಸಿ ಕೇಳಿದೆ, "ಇದು ಮೊದಲ ಸಲಕ್ಕೆ ಸ್ಟಾರ್ಟ್ ಆಗಲಿಲ್ಲ ಅಂದ್ರ ಏನ್ ಮಾಡ್ತೀರಿ?"

"ನೋಡ್ತೀನ್ರಿ. ಡೀಸೆಲ್ ಬರಾಕತ್ತೈತೋ ಇಲ್ಲೋ, ಪೈಪಿನ್ಯಾಗ ಗಾಳಿ ಹಿಡದೈತೋ... ತಗದು ಮತ್ತ ಹೊಡಿತೀನಿ."

"ಎಷ್ಟು ಸಲ?"

"ಆಗೋತನಕ್ರಿ."

ನಾನೇನೂ ಹೇಳಲಿಲ್ಲ. ಅವರಿಗೆ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಂಜಿನ್ನಿಗೆ ಆಡಿಕೊಳ್ಳೋ ಮಂದಿ ಇರಂಗಿಲ್ರಿ ಅಕ್ಕೋರ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ಸುಳ್ಳಲ್ಲ. ಆಗ ಒಳಗಿನಿಂದ ಹುಡುಗಿಯ ತಾಯಿ ಚಹಾ ತಂದಿಟ್ಟು, ನನ್ನನ್ನಲ್ಲ, ಗಂಡನನ್ನು ನೋಡಿ, "ಮಂದಿ ನನ್ನೂ ಆಡಿಕೊಂಡ್ರು, ನೀವು ಅಂಗಡಿ ಹಾಕಿದಾಗ ನಿಮ್ಮನ್ನೂ ಆಡಿಕೊಂಡ್ರು. ಫೀಸು ಕೊಟ್ಟು ಕಳಸ್ರಿ" ಎಂದರು. ಅಷ್ಟೇ ಅಂದದ್ದು. ನಾಲ್ಕು ದಿನದ ಮೇಲೆ ಎಣ್ಣೆಯ ಬೆರಳಚ್ಚು ಮೂಡಿದ ಅರ್ಜಿ ಶಾಲೆಗೆ ಬಂತು.

ಆಮೇಲಿನ ವಾರಗಳಲ್ಲಿ ದಿನಾ ಸಂಜೆ ಅವಳು ನಮ್ಮ ಮನೆಗೆ ಬಂದಳು. ಮೊದಲು ಅವಳ ಹಳೆಯ ಉತ್ತರಗಳನ್ನು ಬಿಚ್ಚಿ ನೋಡಿದೆವು. ಲೆಕ್ಕ ಬಾರದ ಹುಡುಗಿಯಲ್ಲ ಅವಳು. ಮೊದಲ ಪ್ರಶ್ನೆ ಕೈಕೊಟ್ಟ ಕೂಡಲೇ ಗಾಬರಿಯಾಗಿ ಉಳಿದವನ್ನೂ ಬಿಟ್ಟುಬಿಡುತ್ತಾಳೆ. ಅದಕ್ಕೆ ಅಂಕ ಹಾಕದೆ, ಗಡಿಯಾರ ಇಡದೆ ಸುಮ್ಮನೆ ಬರೆಸಿದೆ. ಆಮೇಲೆ ಗಡಿಯಾರ ಇಟ್ಟು ಬರೆಸಿದೆ, ಆದರೆ ಅಂಕ ಹಾಕಲಿಲ್ಲ. ಕೊನೆಯ ವಾರ ಅಂಕವನ್ನೂ ಹಾಕಿದೆ. ಡ್ರೈ ಕ್ರ್ಯಾಂಕ್, ವೆಟ್ ಕ್ರ್ಯಾಂಕ್ ಎಂದು ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಎರಡನೇ ಪರೀಕ್ಷೆಯಲ್ಲಿ ಗಣಿತಕ್ಕೆ ನಲವತ್ತೊಂದು ಬಂತು. ದೊಡ್ಡ ಅಂಕವೇನಲ್ಲ. ಸಿಂಧನೂರಿನಲ್ಲಿ ಪಿಯುಸಿಗೆ ಸೇರಿದಳು. ಮದುವೆಯ ಮಾತು ನಿಂತಿಲ್ಲ, ಮುಂದೆ ಹೋಗಿದೆ ಅಷ್ಟೆ. ಎರಡು ವರ್ಷ ಮುಂದೆ ಹೋದ ಮಾತು ಇನ್ನೂ ಎರಡು ವರ್ಷ ಹೋಗಬಾರದೆಂದಿಲ್ಲವಲ್ಲ.

ಹೊಸ ಇಂಜಿನ್ ಸರಿಯಾಗಿ ಹೊತ್ತಿಕೊಂಡರೂ ಮೊದಲ ದಿನ ಅದನ್ನು ಜೋರಾಗಿ ಓಡಿಸುವುದಿಲ್ಲ. ಐಡಲ್ ವೇಗದಲ್ಲಿ ಕೆಲವು ನಿಮಿಷ ನಡೆಸಿ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೆ ಚಕ್ರ ತಾನಾಗಿ ನಿಲ್ಲಲು ಎಷ್ಟು ಹೊತ್ತು ಹಿಡಿಯಿತು ಎಂದು ಎಣಿಸುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ. ಎಣ್ಣೆಯಲ್ಲಿ ಲೋಹದ ಪುಡಿ ಬಂದಿದೆಯೇ ಎಂದು ನೋಡುತ್ತಾರೆ. ಎಲ್ಲ ಸರಿಯಿದ್ದರೆ ಮರುದಿನ ಇನ್ನಷ್ಟು ವೇಗ.

ಮೊನ್ನೆ ತಂಗಿಯ ಮಗಳು ಫೋನಿನಲ್ಲಿ ಕೇಳಿದಳು, "ದೊಡ್ಡಮ್ಮ, ನಿಮ್ಮ ಹುಡುಗಿ ಐಡಲಿಂಗಿಗೆ ಬಂದ್ಳಾ?"

"ಬಂದಾಳವ್ವ. ಬೆಳಿಗ್ಗೆ ಬಸ್ಸಿನ್ಯಾಗ ನೋಡಿದೆ. ನಿಲ್ಲಾಕ ಜಾಗ ಇರಲಿಲ್ಲ, ಒಂದು ಕೈಯಾಗ ಕಂಬಿ ಹಿಡಕೊಂಡು ಇನ್ನೊಂದು ಕೈಯಾಗ ಪುಸ್ತಕ ಓದಾಕತ್ತಿದ್ಳು" ಎಂದೆ.